ಸೇವೆಗೆ ಸಂಬಳವೇ?

ಧರ್ಮಕೇಂದ್ರದ ಯುವಜನ ಸಂಘದಲ್ಲಿ ನಾಲ್ಕಾರು ವರ್ಷ ದುಡಿದ ಯುವಕ ಯುವತಿಯರನ್ನು ನಾವೆಲ್ಲ ಬಲ್ಲೆವು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಹುಡುಗರನ್ನು ಕೂಡಿಸಿ ಸಭೆ ನಡೆಸುವವರು ಅವರೇ. ಬೇಸಿಗೆ ಶಿಬಿರಕ್ಕೆ ಮನೆಮನೆಯಿಂದ ಅಕ್ಕಿ, ಬೇಳೆ ಹೊಂದಿಸುವವರು ಅವರೇ. ಎಸ್.ಎಸ್.ಎಲ್.ಸಿ. ಫೇಲಾಗಿ ಮನೆ ಬಿಟ್ಟು ಹೊರಟ ಹುಡುಗನನ್ನು ಬಸ್ ನಿಲ್ದಾಣದಿಂದ ಕೈಹಿಡಿದು ಕರೆತರುವವರೂ ಅವರೇ. ಅಂಥವರಲ್ಲಿ ಯಾರಾದರೂ ಒಬ್ಬರು ಪದವಿ ಮುಗಿದ ಮೇಲೆ ಮನೆಯಲ್ಲಿ ಮೆಲ್ಲನೆ ಬಾಯಿ ಬಿಡುತ್ತಾರೆ: ‘ಅಪ್ಪಾ, ನಾನು ಇದನ್ನೇ ಕೆಲಸವಾಗಿ ಮಾಡ್ತೀನಿ.’

ಆಗ ಎರಡು ದಿಕ್ಕಿನಿಂದ ಆಕ್ಷೇಪ ಏಳುತ್ತದೆ. ಮನೆಯಲ್ಲಿ ತಂದೆ ಹೇಳುತ್ತಾರೆ: ‘ಸೇವೆ ಮಾಡು, ಬೇಡ ಅಂದವರು ಯಾರು? ಆದರೆ ಹೊಟ್ಟೆಪಾಡಿಗೆ ಬೇರೇನಾದರೂ ನೋಡಿಕೋ. ಅವರು ಕೊಡುವ ಸಂಬಳದಲ್ಲಿ ಸಂಸಾರ ನಡೆಯುತ್ತದಾ?’ ದೇವಾಲಯದ ಅಂಗಳದಲ್ಲಿ ಇನ್ನೊಂದು ಮಾತು ಕೇಳಿಬರುತ್ತದೆ: ‘ನಿನ್ನೆಯವರೆಗೆ ಸೇವೆ ಸೇವೆ ಅಂತಿದ್ದ. ಈಗ ಅದಕ್ಕೂ ಸಂಬಳ ಬೇಕಂತೆ!’

ಸಂಬಳ ಸಾಲದು ಎನ್ನುವುದು ಒಂದು ಆಕ್ಷೇಪ. ಸಂಬಳವೇ ಸಲ್ಲದು ಎನ್ನುವುದು ಇನ್ನೊಂದು. ಮೇಲ್ನೋಟಕ್ಕೆ ಇವು ಒಂದಕ್ಕೊಂದು ವಿರುದ್ಧ. ಆದರೆ ಎರಡರ ಬೇರೂ ಒಂದೇ. ಸೇವೆಯೂ ಸಂಬಳವೂ ಒಂದೇ ಮನೆಯಲ್ಲಿ ಇರಲಾರವು ಎಂಬ ನಂಬಿಕೆಯೇ ಆ ಬೇರು. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ? ಸ್ವಯಂಸೇವಕನಾಗಿದ್ದವನು ಯುವಜನ ಸೇವೆಯನ್ನೇ ವೃತ್ತಿಯಾಗಿ ಹಿಡಿದರೆ ಅವನು ಏನನ್ನಾದರೂ ಕಳೆದುಕೊಳ್ಳುತ್ತಾನೆಯೇ? ಅವನನ್ನು ನಂಬಿದ ಹುಡುಗರು ಏನನ್ನಾದರೂ ಕಳೆದುಕೊಳ್ಳುತ್ತಾರೆಯೇ? ಓದುಗ ಬಾಂಧವರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಒಂದೇ ಅಧ್ಯಾಯದ ಎರಡು ಮಾತು

‘ಉಚಿತವಾಗಿ ಕೊಡಬೇಕು ಎಂದು ಪ್ರಭುವೇ ಹೇಳಿಲ್ಲವೇ?’ ಎಂದು ಕೇಳುವವರಿದ್ದಾರೆ. ಹೇಳಿದ್ದಾರೆ, ನಿಜ. ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಹನ್ನೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗ, ಉಚಿತವಾಗಿ ಪಡೆದದ್ದನ್ನು ಉಚಿತವಾಗಿಯೇ ಕೊಡಬೇಕೆಂದು ಯೇಸುಸ್ವಾಮಿ ಅಪ್ಪಣೆ ಮಾಡುತ್ತಾರೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬಾರದು. ಎರಡೇ ವಾಕ್ಯ ಕೆಳಗೆ ಇಳಿದರೆ, ದುಡಿಯುವವನಿಗೆ ಅವನ ಅನ್ನ ಸಲ್ಲಬೇಕು ಎಂಬ ಮಾತೂ ಅದೇ ಬಾಯಿಂದ, ಅದೇ ಶಿಷ್ಯರಿಗೆ ಬರುತ್ತದೆ. ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಇದೇ ಮಾತು ಕೂಲಿಯ ಹೆಸರಿನಲ್ಲಿಯೇ ಬಂದಿದೆ.

ಹಾಗಾದರೆ ಈ ಎರಡು ಮಾತು ಒಂದನ್ನೊಂದು ಹೊಡೆದುಹಾಕುತ್ತವೆಯೇ? ಇಲ್ಲ. ಒಂದು ಮಾತು ಕೊಡುವ ವಸ್ತುವಿನ ಬಗ್ಗೆ; ಇನ್ನೊಂದು ಕೊಡಲು ನಡೆದುಹೋಗುವ ಮನುಷ್ಯನ ಬಗ್ಗೆ. ದೇವರ ವರಕ್ಕೆ ಬೆಲೆ ಕಟ್ಟುವಂತಿಲ್ಲ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುವ ಮಾಂತ್ರಿಕ ಸಿಮೋನನು ಆ ವರವನ್ನು ಹಣ ಕೊಟ್ಟು ಕೊಳ್ಳಲು ಬಂದಾಗ ಪೇತ್ರನು ಅವನನ್ನು ಕಟುವಾಗಿ ಗದರಿಸಿದ್ದು ಅದಕ್ಕೇ. ಆದರೆ ಆ ವರವನ್ನು ಹೊತ್ತು ಊರೂರು ಅಲೆಯುವವನಿಗೂ ಹೊಟ್ಟೆಯಿದೆ, ಕಾಲಿಗೆ ನೋವಿದೆ, ರಾತ್ರಿ ತಲೆಯಿಡಲು ಒಂದು ಸೂರು ಬೇಕು. ಅದನ್ನು ಒದಗಿಸುವುದು ವರದ ಮಾರಾಟ ಆಗುವುದಿಲ್ಲ.

ಸಂತ ಪೌಲರ ಬಾಳಿನಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಕೊರಿಂಥ ಪಟ್ಟಣದಲ್ಲಿ ಅವರು ಅಕ್ವಿಲ, ಪ್ರಿಸಿಲ್ಲ ದಂಪತಿಗಳ ಜೊತೆ ಡೇರೆ ಹೊಲಿದು ಹೊಟ್ಟೆ ಹೊರೆದುಕೊಂಡರು. ಆದರೆ ಅದೇ ಕೊರಿಂಥದವರಿಗೆ ಬರೆದ ಮೊದಲನೇ ಪತ್ರದ 9ನೇ ಅಧ್ಯಾಯದಲ್ಲಿ, ಶುಭಸಂದೇಶ ಸಾರುವವರು ಅದರಿಂದಲೇ ಜೀವಿಸುವುದು ನ್ಯಾಯ ಎಂದು ಬಗೆಬಗೆಯಾಗಿ ವಾದಿಸುತ್ತಾರೆ. ಸೈನಿಕ, ತೋಟಗಾರ, ಕುರುಬ, ಎಲ್ಲರ ಉದಾಹರಣೆಯನ್ನೂ ಕೊಡುತ್ತಾರೆ. ಅಷ್ಟೆಲ್ಲ ವಾದಿಸಿದ ಮೇಲೆ, ತಾನು ಮಾತ್ರ ಆ ಹಕ್ಕನ್ನು ಬಳಸಲಿಲ್ಲ ಎನ್ನುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪೌಲರು ಬಿಟ್ಟುಕೊಟ್ಟದ್ದು ತಮ್ಮ ಹಕ್ಕನ್ನು. ಬೇರೆಯವರ ಹಕ್ಕನ್ನು ಅವರು ಬಿಟ್ಟುಕೊಡಲಿಲ್ಲ, ಬಿಡಿರೆಂದು ಒತ್ತಾಯಿಸಲೂ ಇಲ್ಲ. ತ್ಯಾಗ ಎನ್ನುವುದು ಪ್ರತಿಯೊಬ್ಬನೂ ತನ್ನ ಕೈಯಾರೆ ಮಾಡಬೇಕಾದದ್ದು. ಒಬ್ಬನ ಪರವಾಗಿ ಇನ್ನೊಬ್ಬನು ಮಾಡುವ ತ್ಯಾಗಕ್ಕೆ ಆ ಹೆಸರು ಸಲ್ಲದು.

ಡಾನ್ ಬಾಸ್ಕೊ ಬಿಟ್ಟದ್ದು ಮತ್ತು ಬರೆಸಿದ್ದು

ಯುವಜನ ಸೇವೆ ಎಂದೊಡನೆ ನಮಗೆ ನೆನಪಾಗುವವರು ಸಂತ ಜಾನ್ ಬಾಸ್ಕೊ. ಟ್ಯೂರಿನ್ ನಗರದ ಒಂದು ದೇವಾಲಯದ ಪೂಜಾಸಾಮಗ್ರಿಯ ಕೋಣೆಯಲ್ಲಿ 1841ರ ಡಿಸೆಂಬರ್ 8ರಂದು ಬಾರ್ತಲೋಮಿಯೋ ಗಾರೆಲ್ಲಿ ಎಂಬ ಅನಾಥ ಹುಡುಗನ ಜೊತೆ ಅವರಿಗಾದ ಭೇಟಿಯ ಕಥೆ ನಮ್ಮ ಧರ್ಮೋಪದೇಶದ ಮಕ್ಕಳಿಗೂ ಗೊತ್ತು. ಆದರೆ ಆ ಮುಂದಿನ ವರ್ಷಗಳಲ್ಲಿ ಅವರಿಗೂ ಸಂಬಳದ ಪ್ರಶ್ನೆ ಎದುರಾಗಿತ್ತು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಆಗ ಅವರು ಬರೋಲೋ ಮನೆತನದ ಶ್ರೀಮಂತ ಮಹಿಳೆಯೊಬ್ಬರು ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಸಂಸ್ಥೆಯಲ್ಲಿ ಸಂಬಳದ ಗುರುಗಳಾಗಿದ್ದರು. ಬಿಡುವಿನ ವೇಳೆಯಲ್ಲಿ ಬೀದಿಯ ಹುಡುಗರನ್ನು ಸೇರಿಸಿಕೊಂಡು ಆಟ, ಪಾಠ, ಜಪ ನಡೆಸುತ್ತಿದ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಹುಡುಗರ ಪಾಲಿಗೆ ಅವರು ಸ್ವಯಂಸೇವಕ. ಹುಡುಗರ ಸಂಖ್ಯೆ ಬೆಳೆಯಿತು, ಅವರ ಆರೋಗ್ಯ ಕೆಟ್ಟಿತು. 1846ರಲ್ಲಿ ಆ ಮಹಿಳೆ ಖಂಡಿತವಾಗಿ ಹೇಳಿದರು: ಈ ಕೆಲಸ ಬೇಕೋ, ಆ ಹುಡುಗರು ಬೇಕೋ, ಒಂದನ್ನು ಆರಿಸಿಕೊಳ್ಳಿ. ಅವರು ಹುಡುಗರನ್ನು ಆರಿಸಿಕೊಂಡರು, ಸಂಬಳ ಹೋಯಿತು.

ಕಥೆಯ ಇಷ್ಟನ್ನೇ ಕೇಳಿ, ‘ನೋಡಿದಿರಾ, ನಿಜವಾದ ಸೇವೆಗೆ ಸಂಬಳ ಬೇಕಿಲ್ಲ’ ಎಂದುಬಿಡುವುದು ಸುಲಭ. ಮುಂದಿನದನ್ನೂ ಕೇಳಬೇಕು. ಆ ವರ್ಷದ ನವೆಂಬರ್‌ನಲ್ಲಿ ಅವರು ಹುಡುಗರ ಬಳಿಗೆ ಮರಳಿದಾಗ ಜೊತೆಯಲ್ಲಿ ಬಂದವರು ಅವರ ವಿಧವೆ ತಾಯಿ ಮಾರ್ಗರೀಟಾ. ಹಳ್ಳಿಯ ಮನೆ, ಮೊಮ್ಮಕ್ಕಳು ಎಲ್ಲವನ್ನೂ ಬಿಟ್ಟು ಬಂದ ಆ ತಾಯಿ ಹತ್ತು ವರ್ಷ ಆ ಹುಡುಗರಿಗೆ ಅಡುಗೆ ಮಾಡಿದರು, ಬಟ್ಟೆ ಹೊಲಿದರು. ತನ್ನ ಮದುವೆಯ ಒಡವೆಯನ್ನೂ ಮಾರಿದರು. 1856ರಲ್ಲಿ ಅಲ್ಲೇ ತೀರಿಕೊಂಡರು. ಉಚಿತ ಸೇವೆ ಎನ್ನುವುದರ ಹಿಂದೆ ಹೀಗೆ ಯಾವಾಗಲೂ ಯಾರೋ ಒಬ್ಬರು ಬೆಲೆ ತೆರುತ್ತಿರುತ್ತಾರೆ. ಒಂದು ಮನೆಯಲ್ಲಿ ಅದು ತಂದೆಯ ಪಿಂಚಣಿ, ಇನ್ನೊಂದರಲ್ಲಿ ಹೆಂಡತಿಯ ಟೀಚರ್ ಕೆಲಸ, ಮತ್ತೊಂದರಲ್ಲಿ ಅಮ್ಮನ ಕಿವಿಯೋಲೆ. ಮಾರ್ಗರೀಟಾ ಅದನ್ನು ತಿಳಿದು, ಒಪ್ಪಿ ಕೊಟ್ಟರು. ನಮ್ಮ ಮನೆಗಳಲ್ಲಿ ಎಷ್ಟು ಮಂದಿಯನ್ನು ಕೇಳಿ ತೆಗೆದುಕೊಳ್ಳುತ್ತೇವೆ?

ಇನ್ನೊಂದು ಸಂಗತಿಯಂತೂ ಈ ಪ್ರಶ್ನೆಗೆ ಹೊಸ ಬೆಳಕನ್ನೇ ಚೆಲ್ಲುತ್ತದೆ. ಹುಡುಗರು ಬಡಗಿ, ಗಾಜಿನ ಕೆಲಸ ಮುಂತಾದ ಕಸುಬು ಕಲಿಯಲು ಅಂಗಡಿಗಳಿಗೆ ಸೇರುತ್ತಿದ್ದಾಗ, ಡಾನ್ ಬಾಸ್ಕೊ ಮಾಲೀಕರಿಂದ ಕಾಗದದ ಮೇಲೆ ಕರಾರು ಬರೆಸಿಕೊಳ್ಳುತ್ತಿದ್ದರು. 1852ರ ಅಂಥ ಒಂದು ಕರಾರು ಇಂದಿಗೂ ಉಳಿದಿದೆ. ಹುಡುಗನಿಗೆ ಕಸುಬು ಕಲಿಸಬೇಕು, ಕಸುಬಿಗೆ ಸಂಬಂಧವಿಲ್ಲದ ಚಾಕರಿಗೆ ಅವನನ್ನು ಹಚ್ಚಬಾರದು, ತಿದ್ದುವುದಾದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು, ವಾರ ವಾರ ಕೂಲಿ ಕೊಡಬೇಕು, ಹಬ್ಬದ ದಿನ ಬಿಡಬೇಕು, ವರ್ಷದಲ್ಲಿ ರಜೆ ಕೊಡಬೇಕು ಎಂದೆಲ್ಲ ಅದರಲ್ಲಿದೆ. ತನ್ನ ಸಂಬಳವನ್ನು ಬಿಟ್ಟ ಮನುಷ್ಯನೇ ಹುಡುಗರ ಕೂಲಿಯನ್ನು ಕಾಗದದ ಮೇಲೆ ಬರೆಸಿದ. ತನಗೆ ಬೇಡವೆನ್ನುವ ಸ್ವಾತಂತ್ರ್ಯ, ಇನ್ನೊಬ್ಬನಿಗೆ ಸಲ್ಲಲೇಬೇಕೆನ್ನುವ ಹಟ, ಎರಡೂ ಒಂದೇ ಹೃದಯದಲ್ಲಿದ್ದವು.

ಹುಡುಗನಿಗೆ ಯಾವುದು ಬೇಕು?

ಇಷ್ಟು ಹೊತ್ತು ಕೊಡುವವನ ಕಡೆಯಿಂದ ನೋಡಿದೆವು. ಈಗ ಪಡೆಯುವ ಹುಡುಗನ ಕಡೆಯಿಂದ ನೋಡೋಣ.

ಹಣ ಬಂದರೆ ಕೆಟ್ಟುಹೋಗುವ ಸೇವೆಗಳು ಇಲ್ಲದಿಲ್ಲ. ರಕ್ತದಾನ ಅಂಥದ್ದು. ಹಣಕ್ಕಾಗಿ ರಕ್ತ ಮಾರುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. ಹಣದ ಆಸೆಗೆ ರೋಗವನ್ನು ಮುಚ್ಚಿಟ್ಟು ರಕ್ತ ಕೊಡುವವರಿಂದ ರೋಗಿಗಳಿಗೆ ಅಪಾಯ ಒದಗುತ್ತಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ 1998ರ ಜನವರಿ 1ರಿಂದ ಅದು ನಿಂತಿತು. ರಕ್ತ ದಾನವಾಗಿಯೇ ಬರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ರಕ್ತವನ್ನು ಪರೀಕ್ಷಿಸುವ ತಂತ್ರಜ್ಞರಿಗೆ, ಶೀತಲ ಪೆಟ್ಟಿಗೆಯನ್ನು ಹಗಲೂ ರಾತ್ರಿ ಕಾಯುವವರಿಗೆ ಸಂಬಳವಿದೆ. ‘ದಾನದ ರಕ್ತಕ್ಕೆ ಸಂಬಳದ ಕಾವಲೇ?’ ಎಂದು ಯಾರೂ ಕೇಳುವುದಿಲ್ಲ. ದಾನಿಯ ಪ್ರೀತಿ ರೋಗಿಯ ಮೈ ಸೇರಬೇಕಾದರೆ ನಡುವೆ ಎಚ್ಚರದಿಂದ ಕುಳಿತ ಒಬ್ಬ ಕೆಲಸಗಾರ ಬೇಕೇ ಬೇಕು.

ಯುವಜನ ಸೇವೆಯಲ್ಲೂ ಹಾಗೆಯೇ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕೆಂದು ನಿಯಮ. ದಿನಕ್ಕೆ 8 ಗಂಟೆಯಂತೆ ವಾರದಲ್ಲಿ 6 ದಿನ ದುಡಿಯುವವನಿಗೆ 240 ಗಂಟೆ ಎಂದರೆ ಐದು ವಾರ. ಸ್ವಯಂಸೇವಕನು ಎರಡು ವರ್ಷದಲ್ಲಿ ಕೊಡುವಷ್ಟು ಹೊತ್ತನ್ನು ಪೂರ್ಣಾವಧಿ ಕಾರ್ಯಕರ್ತ ಐದು ವಾರದಲ್ಲಿ ಕೊಡುತ್ತಾನೆ. ಆದರೆ ವ್ಯತ್ಯಾಸ ಗಂಟೆಯ ಲೆಕ್ಕದಲ್ಲಿ ಮುಗಿಯುವುದಿಲ್ಲ. ಸ್ವಯಂಸೇವಕ ಕೊಡುವುದು ತನ್ನ ಸಮಯವನ್ನು. ಪರೀಕ್ಷೆ ಬಂದರೆ, ಜ್ವರ ಬಂದರೆ, ಮನಸ್ಸಿಲ್ಲದಿದ್ದರೆ ಅವನು ಬರದೇ ಇರಬಹುದು. ಯಾರೂ ಕೇಳುವಂತಿಲ್ಲ. ಕಾರ್ಯಕರ್ತನಾದವನ ಸಮಯ ಹುಡುಗನದು. ‘ಅಣ್ಣ, ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳುವ ಹಕ್ಕು ಹುಡುಗನಿಗೆ ಹುಟ್ಟುತ್ತದೆ. ಸ್ವಯಂಸೇವೆಯಿಂದ ವೃತ್ತಿಗೆ ದಾಟುವುದು ಎಂದರೆ ಮುಖ್ಯವಾಗಿ ಇದೇ. ಸಂಬಳ ಅದರ ಜೊತೆಗೆ ಬರುವ ಒಂದು ಏರ್ಪಾಡು.

1980ರಲ್ಲಿ ಬೆಂಗಳೂರಿನಲ್ಲಿ ಸಲೇಸಿಯನ್ ಸಭೆಯ ವಿದ್ಯಾರ್ಥಿಗಳು ಬೀದಿಯ ಮಕ್ಕಳ ನಡುವೆ ಓಡಾಡಲು ಆರಂಭಿಸಿದರು. ಅದೇ ಮುಂದೆ ‘ಬಾಸ್ಕೊ’, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ ಎಂದು ಬೆಳೆಯಿತು. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ ಮಕ್ಕಳ ಸಹಾಯವಾಣಿ 1098 ದೇಶದಾದ್ಯಂತ ಹರಡಿ, 2023ರಲ್ಲಿ ಸರ್ಕಾರದ ತುರ್ತು ಸೇವೆ 112ರ ಜೊತೆ ಸೇರಿತು. ಇಂಥ ಕೆಲಸಗಳನ್ನು ಆರಂಭಿಸಲು ಬಿಡುವಿನ ವೇಳೆಯ ಉತ್ಸಾಹ ಸಾಕು, ನಡೆಸಲು ಸಾಲದು. ರಾತ್ರಿ ಎರಡು ಗಂಟೆಗೆ ರೈಲು ನಿಲ್ದಾಣದಿಂದ ಮಗುವೊಂದು ಫೋನ್ ಮಾಡಿದಾಗ ಎತ್ತುವವರು ಇರಲೇಬೇಕು. ಅವರು ನಾಳೆಯೂ ಇರಬೇಕು.

ಬೀದಿಗೆ ಬಿದ್ದ ಮಗು ಹೆಚ್ಚಾಗಿ ಕಂಡಿರುವುದು ಬಂದು ಹೋಗುವವರನ್ನೇ. ಪ್ರಾಜೆಕ್ಟಿಗಾಗಿ ಎರಡು ತಿಂಗಳು ಬಂದು, ಹೆಸರು ಕಲಿತು, ಪ್ರೀತಿ ಹಚ್ಚಿಸಿ, ಫೋಟೋ ತೆಗೆದುಕೊಂಡು ಮಾಯವಾಗುವ ಅಣ್ಣ ಅಕ್ಕಂದಿರು ಉಚಿತವಾಗಿಯೇ ಬಂದಿದ್ದರು. ಆ ಉಚಿತದ ಬೆಲೆಯನ್ನು ಮಗು ತೆತ್ತಿತು.

ಇದರ ಜೊತೆಗೆ ಒಂದು ಕಠಿಣ ಪ್ರಶ್ನೆಯೂ ಬರುತ್ತದೆ. ಎಂದಾದರೂ ಒಂದು ದಿನ ಹದಿನಾರರ ಹುಡುಗನೊಬ್ಬ ಕಾರ್ಯಕರ್ತನ ಮುಖ ನೋಡಿ ಕೇಳಿಯೇ ಕೇಳುತ್ತಾನೆ: ‘ನಿಮಗೆ ಸಂಬಳ ಕೊಡ್ತಾರೆ ಅಂತ ತಾನೇ ನನ್ನ ಹತ್ರ ಬರ್ತೀರಾ?’ ಎದೆಗೆ ನಾಟುವ ಮಾತು. ಇದಕ್ಕೆ ತಡಬಡಿಸದೆ ಉತ್ತರ ಕೊಡಬೇಕು: ‘ಸಂಬಳ ಕೊಡ್ತಾರೆ ಅಂತ ದಿನಾ ಬರೋಕೆ ಆಗ್ತಿದೆ. ನೀನು ನನಗೆ ಬೇಕಾದವನು ಅಂತ ಈ ಕೆಲಸ ಆರಿಸಿಕೊಂಡೆ.’ ಎರಡೂ ನಿಜವಾಗಿದ್ದರೆ ಹುಡುಗ ನಂಬುತ್ತಾನೆ. ಎರಡನೆಯದು ಸುಳ್ಳಾಗಿದ್ದರೆ ನಾವು ಹೇಳುವ ಮೊದಲೇ ಅವನಿಗೆ ಗೊತ್ತಾಗಿರುತ್ತದೆ.

ವೃತ್ತಿಗೆ ಬಂದವನಿಗೆ ಕೆಲವು ಕಟ್ಟುಪಾಡುಗಳೂ ಬರುತ್ತವೆ. ಹುಡುಗರಿಗೆ ಕೈಸಾಲ ಕೊಡುವುದು, ಒಬ್ಬನನ್ನೇ ಮನೆಗೆ ಕರೆದುಕೊಂಡು ಹೋಗುವುದು, ಗುಟ್ಟಾಗಿ ಇಡುತ್ತೇನೆಂದು ಮಾತು ಕೊಡುವುದು ಅವನಿಗೆ ಸಲ್ಲದು. 2012ರ ಪೋಕ್ಸೋ ಕಾಯಿದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು. ಆ ಹೊಣೆ ಸ್ವಯಂಸೇವಕನಿಗೂ ಇದೆ. ‘ಯಾರಿಗೂ ಹೇಳಲ್ಲ’ ಎಂದು ಭಾಷೆ ಕೊಟ್ಟ ಪ್ರೀತಿಯ ಅಣ್ಣನಿಗಿಂತ, ‘ಹೇಳಬೇಕಾಗುತ್ತದೆ, ಆದರೆ ನಿನ್ನ ಜೊತೆಗಿರುತ್ತೇನೆ’ ಎಂದು ಮೊದಲೇ ತಿಳಿಸುವ ತರಬೇತಿ ಪಡೆದ ಕಾರ್ಯಕರ್ತ ಆ ಮಗುವಿಗೆ ಹೆಚ್ಚು ಹಿತ ಮಾಡುತ್ತಾನೆ.

ಸಂಬಳದ ಜೊತೆ ಬರುವ ಅಪಾಯ

ಹಾಗೆಂದು ದೇವಾಲಯದ ಅಂಗಳದ ಮಾತಿನಲ್ಲಿ ಸತ್ಯವೇ ಇಲ್ಲವೆನ್ನಲಾಗದು. ಸಂಬಳ ಬಂದ ಮೇಲೆ ಹುಳು ಹಿಡಿಯುವುದುಂಟು.

ಮೊದಲನೆಯದು ಲೆಕ್ಕದ ಹುಳು. ಹಣ ಕೊಡುವವರಿಗೆ ವರದಿ ಬೇಕು, ವರದಿಗೆ ಸಂಖ್ಯೆ ಬೇಕು. ನಿಧಾನವಾಗಿ ಕಾರ್ಯಕರ್ತನ ಕಣ್ಣು ಹುಡುಗನ ಮುಖದಿಂದ ಹಾಜರಿ ಪುಸ್ತಕಕ್ಕೆ ಜಾರುತ್ತದೆ. ಐವತ್ತು ಮಂದಿ ಬಂದ ಕಾರ್ಯಕ್ರಮ ಯಶಸ್ವಿ. ಒಬ್ಬನ ಜೊತೆ ಮೂರು ಗಂಟೆ ಸುಮ್ಮನೆ ಕುಳಿತದ್ದು ಯಾವ ಕಾಲಮ್ಮಿಗೂ ಸೇರುವುದಿಲ್ಲ. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿ ಹೊರಟ ಕುರುಬನ ವರದಿ ಇಂದಿನ ಕಚೇರಿಗಳಲ್ಲಿ ಪಾಸಾಗುತ್ತಿತ್ತೋ ಇಲ್ಲವೋ!

ಎರಡನೆಯದು ಇನ್ನೂ ಸೂಕ್ಷ್ಮ. ಹುಡುಗರ ಕಷ್ಟವೇ ತನ್ನ ಅನ್ನವಾದಾಗ, ಅವರು ಕಷ್ಟದಿಂದ ಹೊರಬರುವುದನ್ನು ಮನಸ್ಸು ಪೂರ್ತಿಯಾಗಿ ಬಯಸುತ್ತದೆಯೇ? ಅವರು ತಮ್ಮ ಕಾಲ ಮೇಲೆ ನಿಂತರೆ, ತಮ್ಮ ಸಂಘವನ್ನು ತಾವೇ ನಡೆಸಿದರೆ, ನನಗೇನು ಕೆಲಸ? ಈ ಅಪಾಯವನ್ನು ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡಿನ್ ಸ್ಥಾಪಿಸಿದ ಚಳವಳಿ ತನ್ನದೇ ರೀತಿಯಲ್ಲಿ ಎದುರಿಸಿತು. 1925ರಲ್ಲಿ ರೂಪುಗೊಂಡ ಯುವ ಕ್ರೈಸ್ತ ಕಾರ್ಮಿಕರ ಆ ಚಳವಳಿಯಲ್ಲಿ ನಾಯಕರು ಕಾರ್ಖಾನೆಯ ಯುವಕರ ನಡುವಿನಿಂದಲೇ ಬರಬೇಕು. ಪೂರ್ಣಾವಧಿಯವರು ಕೆಲವು ವರ್ಷ ದುಡಿದು, ಮುಂದಿನವರಿಗೆ ಜಾಗ ಬಿಟ್ಟು ಹಿಂದಿರುಗಬೇಕು. ‘ನೋಡು, ವಿವೇಚಿಸು, ಕಾರ್ಯಗತಗೊಳಿಸು’ ಎಂಬ ಅವರ ವಿಧಾನದ ತಿರುಳೇ ಯುವಕರು ತಮ್ಮ ಬಾಳನ್ನು ತಾವೇ ನೋಡಿ ನಿರ್ಧರಿಸಬೇಕು ಎಂಬುದು. ಎಲ್ಲ ಸಂಸ್ಥೆಗಳಲ್ಲೂ ಅವಧಿ ಹಾಕಲಾಗದು. ಆದರೆ ‘ನಾನಿಲ್ಲದೆ ಇವರು ನಡೆಯುವಂತೆ ಮಾಡಿದೆನೇ?’ ಎಂದು ವರ್ಷಕ್ಕೊಮ್ಮೆಯಾದರೂ ತನ್ನನ್ನು ತಾನು ಕೇಳಿಕೊಳ್ಳುವುದು ಎಲ್ಲ ಕಾರ್ಯಕರ್ತರಿಗೂ ಸಾಧ್ಯ.

ಎಷ್ಟು ತೆಗೆದುಕೊಳ್ಳಬೇಕು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಒಂದು ಒಳ್ಳೆಯ ಕಥೆಯಿದೆ. ಕಲ್ಯಾಣದ ಶರಣ ಆಯ್ದಕ್ಕಿ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳಂತೆ. ನಾವು ಗಮನಿಸಬೇಕಾದದ್ದು, ಎಂದಿನ ಅಕ್ಕಿಯನ್ನು ಅವಳು ತಿರಸ್ಕರಿಸಲಿಲ್ಲ ಎಂಬುದನ್ನು. ಅದರಿಂದಲೇ ಮನೆಯೂ ನಡೆಯಿತು, ದಾಸೋಹವೂ ನಡೆಯಿತು. ಕಾಯಕದಿಂದ ಬಂದದ್ದನ್ನು ನಾಚಿಕೆಯಿಲ್ಲದೆ ಪಡೆಯುವುದು, ಮಿಗಿಲಾದದ್ದಕ್ಕೆ ಕೈಚಾಚದಿರುವುದು: ಯುವಜನ ಕಾರ್ಯಕರ್ತನಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗಲಾರದು.

ಬಿಟ್ಟಿ ಚಾಕರಿ ಸೇವೆಯಲ್ಲ

ಈಗ ಕೆಲಸ ಕೊಡುವವರ ಕಡೆ ತಿರುಗೋಣ. ಕನ್ನಡದಲ್ಲಿ ‘ಬಿಟ್ಟಿ’ ಎಂಬ ಪದಕ್ಕೆ ಎರಡು ಅರ್ಥ. ಬೆಲೆಯಿಲ್ಲದೆ ಸಿಕ್ಕಿದ್ದು ಎಂಬುದು ಒಂದು. ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಂಡ ದುಡಿಮೆ ಎಂಬುದು ಇನ್ನೊಂದು. ಒಬ್ಬನಿಗೆ ಬಿಟ್ಟಿಯಾಗಿ ಸಿಕ್ಕಿದ್ದು ಇನ್ನೊಬ್ಬನ ಬಿಟ್ಟಿ ಚಾಕರಿ ಆಗಿರಬಹುದು ಎಂಬ ಎಚ್ಚರಿಕೆ ಆ ಪದದೊಳಗೇ ಅಡಗಿದೆ.

ಬೆಳಿಗ್ಗೆಯಿಂದ ರಾತ್ರಿಯವರೆಗೆ ದುಡಿಸಿಕೊಂಡು, ತಿಂಗಳ ಕೊನೆಯಲ್ಲಿ ಒಂದಿಷ್ಟು ‘ಗೌರವಧನ’ ಕೊಟ್ಟು, ಕೇಳಿದರೆ ‘ಇದು ದೇವರ ಕೆಲಸವಲ್ಲವೇ?’ ಎನ್ನುವುದುಂಟು. ಹೆಸರಿನಲ್ಲಿ ಗೌರವವಿದ್ದ ಮಾತ್ರಕ್ಕೆ ನ್ಯಾಯವಿದೆ ಎನ್ನಲಾಗದು. ಅಂಗನವಾಡಿ ಕಾರ್ಯಕರ್ತೆಯರ ಉದಾಹರಣೆ ನೋಡಿ. ಅವರದು ಗೌರವ ಹುದ್ದೆ, ಅವರಿಗೆ ಕೊಡುವುದು ಗೌರವಧನ, ಆದ್ದರಿಂದ ಗ್ರಾಚ್ಯುಟಿ ಸಲ್ಲದು ಎಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ವಾದವನ್ನು ಒಪ್ಪದೆ, ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ 1972ರ ಗ್ರಾಚ್ಯುಟಿ ಕಾಯಿದೆ ಅನ್ವಯವಾಗುತ್ತದೆ ಎಂದಿತು.

ನಮ್ಮ ಧರ್ಮಸಭೆಯ ಬೋಧನೆಯೂ ಇದಕ್ಕಿಂತ ಹಿಂದೆ ಬಿದ್ದಿಲ್ಲ. ಜಗದ್ಗುರು ಹದಿಮೂರನೇ ಲಿಯೋರವರು 1891ರ ತಮ್ಮ ವಿಶ್ವಪರಿಪತ್ರದಲ್ಲಿ, ಕಾರ್ಮಿಕನು ಬೇರೆ ದಾರಿಯಿಲ್ಲದೆ ಒಪ್ಪಿಕೊಂಡ ಮಾತ್ರಕ್ಕೆ ಕಡಿಮೆ ಕೂಲಿ ನ್ಯಾಯವಾಗುವುದಿಲ್ಲ ಎಂದು ತಿಳಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೇ ಲಿಯೋರವರು ಆ ಪರಿಪತ್ರವನ್ನು ನೆನೆದೇ ಆ ಹೆಸರನ್ನು ಆರಿಸಿಕೊಂಡದ್ದಾಗಿ ಹೇಳಿದ್ದಾರೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 231ನೇ ವಿಧಿಯಂತೂ ನೇರವಾಗಿ ಈ ವಿಷಯಕ್ಕೇ ಸಂಬಂಧಿಸಿದ್ದು. ಕಾಯಂ ಆಗಿಯೋ ತಾತ್ಕಾಲಿಕವಾಗಿಯೋ ಧರ್ಮಸಭೆಯ ವಿಶೇಷ ಸೇವೆಗೆ ತೊಡಗುವ ಶ್ರೀಸಾಮಾನ್ಯರು ಅದಕ್ಕೆ ತಕ್ಕ ತರಬೇತಿ ಪಡೆಯಬೇಕು ಎಂದು ಅದರ ಮೊದಲ ಭಾಗ ವಿಧಿಸುತ್ತದೆ. ತಮ್ಮ ಮತ್ತು ತಮ್ಮ ಕುಟುಂಬದ ಅಗತ್ಯಗಳಿಗೆ ಸಾಲುವ ಯೋಗ್ಯ ವೇತನ, ಸಾಮಾಜಿಕ ಭದ್ರತೆ, ಆರೋಗ್ಯ ಸೌಲಭ್ಯ ಅವರ ಹಕ್ಕು ಎಂದು ಎರಡನೆಯ ಭಾಗ ಹೇಳುತ್ತದೆ. ತರಬೇತಿಯ ಕರ್ತವ್ಯ, ವೇತನದ ಹಕ್ಕು ಎರಡನ್ನೂ ಒಂದೇ ವಿಧಿಯಲ್ಲಿ ಕಟ್ಟಿಟ್ಟಿರುವುದು ಅರ್ಥಪೂರ್ಣವಾಗಿದೆ.

ಧರ್ಮಕೇಂದ್ರವೂ ಸಂಸ್ಥೆಯೂ ನಿಜವಾಗಿ ಬಡವಾಗಿರಬಹುದು. ಆಗ ಪ್ರಾಮಾಣಿಕವಾಗಿ ಹೇಳಲಿ: ‘ನಮ್ಮಲ್ಲಿ ಅರ್ಧ ದಿನದ ಕೆಲಸಕ್ಕೆ ಮಾತ್ರ ಹಣವಿದೆ.’ ಹಾಗಿದ್ದರೆ ಅರ್ಧ ದಿನವೇ ಕೆಲಸ ಕೇಳಲಿ. ಸ್ವಯಂಸೇವೆಯಾದರೆ ಸ್ವಯಂಸೇವೆ ಎನ್ನಲಿ, ಅವಧಿ ತಿಳಿಸಲಿ, ಬಸ್ ಖರ್ಚು ಕೊಡಲಿ. ಕೆಲಸವಾದರೆ ಕಾಗದದ ಮೇಲೆ ಬರೆದು ಕೊಡಲಿ. 1852ರಲ್ಲಿ ಬಡಗಿಯ ಅಂಗಡಿಯಿಂದ ಸಾಧ್ಯವಾದದ್ದು ನಮ್ಮಿಂದ ಯಾಕಾಗದು?

ತಂದೆತಾಯಿಗಳಿಗೆ, ಯುವಜನರಿಗೆ

ಮಕ್ಕಳು ಈ ದಾರಿ ಹಿಡಿಯುತ್ತೇನೆಂದಾಗ ತಂದೆತಾಯಿಗಳು ಅಂಜುವುದು ಸಹಜ. ಅಂಜಿಕೆಯಿದ್ದರೆ ಪ್ರಶ್ನೆ ಕೇಳಿ, ಬಾಗಿಲು ಮುಚ್ಚಬೇಡಿ. ಇದು ದಾರಿಯಿಲ್ಲದ ಕಾಡೇನಲ್ಲ. ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯದ ಶಿಕ್ಷಣ ನಡೆದಿದೆ. ನಮ್ಮ ರಾಜ್ಯದ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಎಂ.ಎಸ್.ಡಬ್ಲ್ಯೂ. ಇದೆ. ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಯುವಜನ ಅಭಿವೃದ್ಧಿಗೆಂದೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆಯಿದೆ. 2015ರ ಬಾಲನ್ಯಾಯ ಕಾಯಿದೆಯಡಿ ಪ್ರತಿ ಜಿಲ್ಲೆಗೂ ಮಕ್ಕಳ ರಕ್ಷಣಾ ಘಟಕ ಇರಬೇಕು. ಅಲ್ಲಿ ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು, ಕ್ಷೇತ್ರ ಕಾರ್ಯಕರ್ತರು ಬೇಕು. ಆದರೆ ಇಂಥ ಹುದ್ದೆಗಳು ಬಹುಪಾಲು ಗುತ್ತಿಗೆಯವು, ಸಂಬಳ ದೊಡ್ಡದಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದೂ ತಪ್ಪು, ಇದನ್ನೇ ದೊಡ್ಡದು ಮಾಡಿ ಹೆದರಿಸುವುದೂ ತಪ್ಪು.

ಯುವ ಮಿತ್ರರೇ, ನಿಮಗೂ ಒಂದೆರಡು ಮಾತು. ಸ್ವಯಂಸೇವೆಯಲ್ಲಿ ಸಂತೋಷ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಅದನ್ನು ವೃತ್ತಿ ಮಾಡಿಕೊಳ್ಳಬೇಡಿ. ಶಿಬಿರದ ಕೊನೆಯ ರಾತ್ರಿಯ ಹಾಡು, ಕಣ್ಣೀರು, ಅಪ್ಪುಗೆ ವೃತ್ತಿಯ ದಿನಚರಿಯಲ್ಲಿ ಅಪರೂಪ. ಅಲ್ಲಿರುವುದು ಮಂಗಳವಾರದ ಮಧ್ಯಾಹ್ನ, ಬಾರದ ಹುಡುಗ, ತುಂಬಬೇಕಾದ ಅರ್ಜಿ, ಪೊಲೀಸ್ ಠಾಣೆಯ ಬೆಂಚು. ಆ ಮಂಗಳವಾರವನ್ನೂ ಪ್ರೀತಿಸಬಲ್ಲಿರಾ ಎಂದು ಕೇಳಿಕೊಳ್ಳಿ. ನಿಮ್ಮ ಸಂಬಳದ ಕೊರತೆಯನ್ನು ಮನೆಯಲ್ಲಿ ಯಾರು ತುಂಬಬೇಕಾಗುತ್ತದೆ, ಅವರನ್ನು ಕೇಳಿದ್ದೀರಾ ಎಂದೂ ಕೇಳಿಕೊಳ್ಳಿ. ನಿಮಗೆ ಹುಡುಗರು ಬೇಕೋ, ಹುಡುಗರ ನಡುವೆ ‘ಅಣ್ಣ’, ‘ಅಕ್ಕ’ ಎನಿಸಿಕೊಳ್ಳುವ ಹೆಮ್ಮೆ ಬೇಕೋ ಎಂಬುದನ್ನೂ ದೇವರ ಮುಂದೆ ಒಬ್ಬರೇ ಕುಳಿತು ಪರೀಕ್ಷಿಸಿಕೊಳ್ಳಿ.

ಉತ್ತರ ‘ಇಲ್ಲ’ ಎಂದು ಬಂದರೆ ಅದರಲ್ಲಿ ಕೀಳರಿಮೆ ಬೇಕಿಲ್ಲ. ವಾರವಿಡೀ ಬ್ಯಾಂಕಿನಲ್ಲಿ ದುಡಿದು ಭಾನುವಾರ ಹುಡುಗರ ಜೊತೆ ಕೂರುವವರು ಕಡಿಮೆಯವರಲ್ಲ. ದೇವಕರೆ ಎಲ್ಲರಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. ಸ್ವಯಂಸೇವಕರಿಲ್ಲದ ಯುವಜನ ಸೇವೆ ಬರೀ ಕಚೇರಿಯಾದೀತು. ಕಾರ್ಯಕರ್ತರಿಲ್ಲದ ಸೇವೆ ಹಬ್ಬದ ದಿನದ ಉತ್ಸಾಹವಾಗಿಯೇ ಉಳಿದೀತು. ಉತ್ತರ ‘ಹೌದು’ ಎಂದು ಬಂದರೆ ತಲೆಯೆತ್ತಿ ಹೋಗಿ, ಓದಿ ಕಲಿಯಿರಿ, ಸಂಬಳವನ್ನು ಕೃತಜ್ಞತೆಯಿಂದ ಪಡೆಯಿರಿ. ವಾರದಲ್ಲಿ ಒಂದೆರಡು ಗಂಟೆಯನ್ನಾದರೂ ಯಾರೂ ಹಣ ಕೊಡದ ಯಾವುದಾದರೂ ಸೇವೆಗೆ ಮೀಸಲಿಡಿ. ಉಚಿತವಾಗಿ ಕೊಡುವ ಅಭ್ಯಾಸ ತಪ್ಪಿಹೋಗದಿರಲು ಅದು ಸಾಕು.

ಇನ್ನು ಉಳಿದ ನಾವು ಮಾಡಬಹುದಾದ ಕೆಲಸವೊಂದಿದೆ. ವರ್ಷಕ್ಕೊಮ್ಮೆ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿ ಆಯವ್ಯಯದ ಪಟ್ಟಿ ಓದುತ್ತದೆ. ಹಬ್ಬದ ದೀಪಾಲಂಕಾರಕ್ಕೆ ಇಷ್ಟು, ಬ್ಯಾಂಡಿಗೆ ಇಷ್ಟು, ಪಟಾಕಿಗೆ ಇಷ್ಟು ಎಂದು ಓದಿದಾಗ ಯಾರೂ ತಕರಾರು ಮಾಡುವುದಿಲ್ಲ. ಈ ಸಲ ಒಬ್ಬರಾದರೂ ಎದ್ದು ನಿಂತು, ನಮ್ಮ ಹುಡುಗರ ಜೊತೆ ದಿನವೂ ಇರುವ ಒಬ್ಬ ಕಾರ್ಯಕರ್ತನಿಗೆಂದು ಈ ಪಟ್ಟಿಯಲ್ಲಿ ಎಷ್ಟಿದೆ ಎಂದು ಕೇಳಲಿ. ಉತ್ತರ ಏನೇ ಬರಲಿ, ಪ್ರಶ್ನೆ ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಲಿ.